ಪ್ಲೈವುಡ್ಡಿನ ಪ್ರೊಸೆಸರ್

ಕಾಲೇಜಿಂದ ಬಂದ ಗೊಣಗಿ ಬ್ಯಾಗ್ ಇಳಿಸೋ ಹೊತ್ತಿಗೆ ಚಿಕ್ಕಪ್ಪ ಕಂಪ್ಯೂಟರ್ ಪೆಟ್ಟಿಗೆಯ ಹಿಂದಿನ ಗೋಡೆ ಕೊಯ್ದು ಮುಗಿಸಿದ್ದ. ಕೊಯ್ದ ಅಂಚಿಗೆ ಅರ ಉಜ್ಜಿ, ಕೈಗೆ ತರಚದ ಹಾಗೆ ನುಣ್ಣಗೆ ಮಾಡಿ, ಈಗ ಬಟ್ಟೆ ಆಡಿಸ್ತಾ ಕೂತಿದ್ದ. ಬಡಗಿ ಅಲ್ವಾ, ಅಂಚು ಒರಟಾಗಿ ಬಿಡೋದು ಅವನ ಜಾಯಮಾನದಲ್ಲೇ ಇಲ್ಲ.

"ಬಂದ್ಯಾ? ನೋಡು ಬಾ," ಅಂದ. "ಹೊಸ ಪವರ್ ಸಪ್ಲೈ ಒಳಗೆ ಹಿಡೀತಿರಲಿಲ್ಲ. ಈಗ ಹಿಡಿಯುತ್ತೆ."

"ನಾನು ಬರೋವರೆಗೂ ಮುಟ್ಟಬೇಡ ಅಂದಿದ್ದೆ ಚಿಕ್ಕಪ್ಪ."

"ಮುಟ್ಟಿಲ್ಲ. ಬರೀ ಕೊಯ್ದೆ."

ಗೊಣಗಿ ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕೂತಳು. ಆ ಹೆಸರು ಅವಳಿಗೆ ಸುಮ್ಮನೆ ಬಿದ್ದಿದ್ದಲ್ಲ, ತೊಟ್ಟಿಲಲ್ಲಿ ಮಲಗಿದ್ದಾಗಲೇ ಗೊಣಗ್ತಿದ್ದಳಂತೆ. ಆದ್ರೆ ಇವತ್ತು ಗೊಣಗೋಕೂ ಬಾಯಿ ಬರಲಿಲ್ಲ.

ವಿಷಯ ಇಷ್ಟೇ. ಬೊಂಬೆ ಸಿನಿಮಾ, ಅಂದ್ರೆ ಅನಿಮೇಷನ್, ಮಾಡೋದು ಕಲಿಸೋ ಕಾಲೇಜಿಗೆ ಸೇರಬೇಕು ಅಂತ ಅವಳ ಆಸೆ. ಅದಕ್ಕೆ ತಾನೇ ಮಾಡಿದ ಪುಟ್ಟ ಸಿನಿಮಾ ಒಂದನ್ನ ನಾಳೆ ಸಂಜೆಯೊಳಗೆ ಕಳಿಸಬೇಕು. ಕಳಿಸದಿದ್ರೆ ಈ ವರ್ಷದ ಸೀಟು ಗೋವಿಂದ. ಸಿನಿಮಾ ಏನೋ ಆಗಿತ್ತು: ಮೂರು ಕಾಲಿನ ಸ್ಟೂಲೊಂದು ನಾಲ್ಕನೇ ಕಾಲು ಹುಡುಕ್ಕೊಂಡು ಅಂಗಡಿ ಬಿಟ್ಟು ಓಡಿಹೋಗೋ ಕಥೆ. ಉಳಿದಿದ್ದು ಕಂಪ್ಯೂಟರ್ ಒಂದೊಂದೇ ಚಿತ್ರಕ್ಕೆ ಬೆಳಕು, ನೆರಳು, ಬಣ್ಣ ತುಂಬಿ ಬೇಯಿಸಿ ಇಳಿಸೋದು. ಈ ಕಂಪ್ಯೂಟರೋ, ಯಾವುದೋ ಆಫೀಸಿನವರು ಸಾಕಾಯ್ತು ಅಂತ ಎತ್ತಿ ಹಾಕಿದ ಪುಟಾಣಿ ಪೆಟ್ಟಿಗೆ. ಕಾಗದ ಟೈಪ್ ಮಾಡೋಕೆ ಹುಟ್ಟಿದ್ದು. ಸ್ಟೂಲಿನ ನೆರಳು ಬೇಯಿಸು ಅಂದ್ರೆ ಆಮೆ ಗುಡ್ಡ ಹತ್ತಿದ ಹಾಗೆ. ಅದರ ಪಾಡಿಗೆ ಬಿಟ್ಟರೆ ಮುಂದಿನ ವಾರಕ್ಕೆ ಮುಗಿಸ್ತಿತ್ತು.

"ಪ್ರೊಸೆಸರ್ ಬದಲಾಯಿಸಿದ್ರೆ ಆಗುತ್ತೆ, ಆದ್ರೆ ನೋಡಿ ತರಬೇಕು" ಅಂತ ಬೆಳಿಗ್ಗೆ ಹಲ್ಲುಜ್ಜುತ್ತಾ ಹೇಳಿದ್ದಳು. ಚಿಕ್ಕಪ್ಪನ ಕಿವಿಗೆ ಮೊದಲರ್ಧ ಮಾತ್ರ ಬಿತ್ತು.

"ಪವರ್ ಸಪ್ಲೈ ಯಾಕೆ ತಂದೆ?"

"ಅಂಗಡಿಯವನೇ ಹೇಳಿದ. ಜೋರಾಗಿರೋ ಪ್ರೊಸೆಸರ್‌ಗೆ ಜೋರಾಗಿರೋ ಪವರ್ ಸಪ್ಲೈ ಬೇಕಂತೆ." ಚಿಕ್ಕಪ್ಪ ಹೊಸದರ ವೈರುಗಳನ್ನ ಸೊಪ್ಪಿನ ಕಟ್ಟಿನ ಹಾಗೆ ಎತ್ತಿ ಹಿಡಿದ. "ಪ್ಲಗ್ ಒಂದು ಚೂರು ದಪ್ಪ ಆಗಿದೆ. ಬೋರ್ಡಲ್ಲಿ ಇರೋದು ಆರೇ ಪಿನ್ನು, ಇದು ನೋಡು, ಬಾಚಣಿಗೆ ಇದ್ದ ಹಾಗಿದೆ. ಪಕ್ಕದಲ್ಲಿ ಸ್ವಲ್ಪ ಅರ ಹಾಕಿ ನೋಡಿದೆ, ಇನ್ನೊಂದು ಚೂರು ಹಾಕಿದ್ರೆ…"

ಗೊಣಗಿ ಎದ್ದು ಅವನ ಕೈಯಿಂದ ಅರ ಕಿತ್ಕೊಂಡಳು.

"ಇದು ಬಾಗಿಲ ಚಿಲಕ ಅಲ್ಲ. ಒಂದೊಂದು ವೈರಲ್ಲಿ ಒಂದೊಂದು ಥರ ಕರೆಂಟ್ ಬರುತ್ತೆ. ತಪ್ಪಿ ಸೇರಿಸಿದ್ರೆ ಬೋರ್ಡು ಸುಟ್ಟು ಕರಕಲು. ರೆಡಿಮೇಡ್ ಆಫೀಸ್ ಕಂಪ್ಯೂಟರ್ ಮಾಡೋರು ಎಷ್ಟೋ ಜನ ತಮ್ಮದೇ ಪ್ಲಗ್, ತಮ್ಮದೇ ಅಳತೆ ಇಟ್ಕೊಂಡಿರ್ತಾರೆ. ಹೊರಗಿಂದು ಸೇರಲ್ಲ."

"ಎಂಥ ಹೊಟ್ಟೆಕಿಚ್ಚಿನ ಜನ," ಅಂದ ಚಿಕ್ಕಪ್ಪ. "ಹೋಗಲಿ, ಪ್ರೊಸೆಸರ್ ಮಾತ್ರ ಅಳತೆ ನೋಡೇ ತಂದಿದೀನಿ. ಅದರಲ್ಲಿ ಮಾತಿಲ್ಲ."

ಅಂಗಿ ಜೇಬಿಂದ ಏನೋ ತೆಗೆದು ಅವಳ ಅಂಗೈ ಮೇಲಿಟ್ಟ. ತೆಳು ಪ್ಲೈವುಡ್ಡಿನ ಚೌಕ. ಹಳೇ ಪ್ರೊಸೆಸರ್ ಬಿಚ್ಚಿ, ಅದರ ಅಳತೆಗೆ ಸರಿಯಾಗಿ ಕೊಯ್ದಿದ್ದ. ಎರಡು ಪಕ್ಕದಲ್ಲಿ ಇರೋ ಸಣ್ಣ ಕಚ್ಚು ಕೂಡ ಬಿಟ್ಟಿಲ್ಲ, ಮೂಲೆಯ ತ್ರಿಕೋನಾನೂ ಪೆನ್ಸಿಲ್ಲಲ್ಲಿ ಬರೆದಿದ್ದಾನೆ. ಅದನ್ನ ಅಂಗಡಿಯವನ ಮುಂದೆ ಇಟ್ಟು, "ಇದೇ ಅಳತೆ, ಇದಕ್ಕಿಂತ ಜೋರಾಗಿರೋದು ಕೊಡು" ಅಂದಿದ್ದನಂತೆ.

ಇಷ್ಟು ಅಚ್ಚುಕಟ್ಟಾದ ತಪ್ಪನ್ನ ಗೊಣಗಿ ಹುಟ್ಟಿದಾಗಿಂದ ನೋಡಿರಲಿಲ್ಲ.

"ಕೂತಿದೆ ತಾನೇ?" ಅಂತ ಚಿಕ್ಕಪ್ಪ ಬೋರ್ಡಿಗೆ ಆಗಲೇ ಹಾಕಿದ್ದ ಹೊಸ ಪ್ರೊಸೆಸರ್ ತೋರಿಸಿದ.

"ಕೂತಿದೆ."

"ಮತ್ತೆ?"

"ಕೂತ್ರೆ ಸಾಲ್ದು ಚಿಕ್ಕಪ್ಪ. ಏಳಬೇಕು."

ಹಳೇ ಪವರ್ ಸಪ್ಲೈಯನ್ನೇ ಮೇಜಿನ ಮೇಲಿಟ್ಟು, ಅದರ ಆರು ಪಿನ್ನಿನ ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದಳು. ಫ್ಯಾನ್ ಬುಸ್ ಅಂತು. ಕಿತ್ತಳೆ ದೀಪ ಪಿಳಿಪಿಳಿ ಅಂತು. ಆಮೇಲೆ ಎಲ್ಲ ಗಪ್‌ಚುಪ್. ಪರದೆ ಕಪ್ಪಗೆ ಇದ್ದಿದ್ದು ಕಪ್ಪಗೇ ಉಳೀತು.

"ಎದ್ದಿಲ್ಲ," ಅಂದ ಚಿಕ್ಕಪ್ಪ, ನಿಧಾನಕ್ಕೆ.

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ, "ಏಳೋಕೆ ಏನು ಉಳಿಸಿದೀರಿ ಅದರಲ್ಲಿ? ಬೆನ್ನೇ ಕೊಯ್ದು ಹಾಕಿದೀರಲ್ಲ," ಅಂದಳು.

ಗೊಣಗಿ ಪೆಟ್ಟಿಗೆ ತಲೆಕೆಳಗು ಮಾಡಿ, ಚೀಟಿಯಲ್ಲಿದ್ದ ಮಾಡೆಲ್ ನಂಬರ್ ಫೋನಲ್ಲಿ ಹಾಕಿ ಹುಡುಕಿದಳು. ಕಂಪನಿಯವರೇ ಬರೆದಿದ್ರು: ಈ ಬೋರ್ಡಿಗೆ ಇಂತಿಂಥ ಪ್ರೊಸೆಸರ್, ಅರವತ್ತೈದು ವ್ಯಾಟ್ ಮೀರಬಾರದು. ಚಿಕ್ಕಪ್ಪ ತಂದಿದ್ದು ತೊಂಬತ್ತೈದು. ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ.

"ಸ್ವಲ್ಪ ತಾನೇ ಜಾಸ್ತಿ," ಅಂದ ಚಿಕ್ಕಪ್ಪ. "ಅಡ್ಜಸ್ಟ್ ಮಾಡ್ಕೊಳಲ್ವಾ?"

ಗೊಣಗಿಗೆ ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಕಣ್ಣು ಮುಚ್ಚಿ, ಒಂದು ಸಲ ಉಸಿರೆಳೆದು ಕೇಳಿದಳು, "ಬೀರುವಿನ ಬಾಗಿಲಿಗೆ ಹಾಕ್ತೀಯಲ್ಲ, ಆ ಸಣ್ಣ ಹಿಂಜ್‌ಗೆ ಹೆಬ್ಬಾಗಿಲು ನೇತುಹಾಕ್ತೀಯಾ?"

"ಹುಚ್ಚಾ ನಿನಗೆ? ಕಿತ್ಕೊಂಡು ಬರುತ್ತೆ."

"ಸ್ಕ್ರೂ ತೂತು ಸರಿಯಾಗಿ ಕೂತ್ರೂನಾ?"

"ತೂತಲ್ಲಿ ಏನಿದೆ? ಭಾರ ಹೊರಬೇಕಲ್ಲ ಅದು." ಹೇಳಿದವನು ಹಾಗೇ ನಿಂತುಬಿಟ್ಟ. ಪ್ಲೈವುಡ್ ಚೌಕ ನೋಡಿದ, ಬೋರ್ಡ್ ನೋಡಿದ. "ಇದನ್ನ ಮೊದಲೇ ಹೇಳೋಕೆ ಏನಾಗಿತ್ತು? ವ್ಯಾಟು ವ್ಯಾಟು ಅಂದ್ರೆ ಯಾರಿಗೆ ತಿಳಿಯುತ್ತೆ?"

"ನೋಡಿ ತರಬೇಕು ಅಂದಿದ್ದೆ."

"ನೋಡೇ ತಂದೆ," ಅಂದ. ಅದು ಸುಳ್ಳಂತೂ ಅಲ್ಲ.

ಇಬ್ಬರೂ ಅಂಗಡಿಗೆ ಓಡಿದ್ರು. ಅಂಗಡಿಯವನು ಪ್ಲೈವುಡ್ಡಿನವರು ಮತ್ತೆ ಬಂದ್ರು ಅಂತ ಮುಖ ಸಪ್ಪೆ ಮಾಡ್ಕೊಂಡ. "ಬಿಚ್ಚಿದ ಮಾಲು ವಾಪಸ್ ತಗೊಳಲ್ಲಪ್ಪ," ಅಂದ. ಮಾತಾಡ್ತಾ ಕೌಂಟರಿನ ಡ್ರಾಯರ್ ಎಳೆದ, ಅದು ಬರಲಿಲ್ಲ. ಆ ಕೌಂಟರ್ ಚಿಕ್ಕಪ್ಪನೇ ಮಾಡಿದ್ದು.

"ಯಾವಾಗಿಂದ ಹೀಗೆ ಹಿಡ್ಕೊಂತಿದೆ ಇದು?" ಅಂತ ಚಿಕ್ಕಪ್ಪ ಕೇಳಿದ.

"ನೀನು ಮಾಡಿಕೊಟ್ಟ ದಿನದಿಂದ."

ಚಿಕ್ಕಪ್ಪನ ಮುಖ ಕೆಂಪಾಯ್ತು. ಡ್ರಾಯರ್ ಕಿತ್ತು ಫುಟ್‌ಪಾತಿಗೆ ಒಯ್ದು, ಚೀಲದಿಂದ ಉಜ್ಜುಗೊರಡು ತೆಗೆದು ಹೆರೆಯೋಕೆ ಕೂತ. ಅಂಗಡಿಯವನು ಅವನನ್ನೇ ನೋಡ್ತಾ ನೋಡ್ತಾ ಸ್ವಲ್ಪ ಮೆತ್ತಗಾದ.

"ಪಟ್ಟಿ ಓದಮ್ಮ," ಅಂದ ಗೊಣಗಿಗೆ.

ಅವಳು ಓದಿದಳು. ಅವನು ಇಲ್ಲ, ಇಲ್ಲ, ಅದೂ ಇಲ್ಲ ಅಂತ ತಲೆ ಆಡಿಸಿದ. ಕೊನೆಗೆ ಒಂದರ ಹೆಸರು ಬಂದಾಗ, "ತಡಿ," ಅಂದು ಒಳಗೆ ಹೋಗಿ ಇಂಥದ್ದೇ ಆಫೀಸ್ ಪೆಟ್ಟಿಗೆಯಿಂದ ಬಿಚ್ಚಿಟ್ಟ ಹಳೇ ಪ್ರೊಸೆಸರ್ ತಂದ. ಗೊಣಗಿ ಹೆಸರು ನೋಡಿದಳು, ವ್ಯಾಟ್ ನೋಡಿದಳು, ಹಳೇ ಪವರ್ ಸಪ್ಲೈಗೆ ಅದನ್ನ ತಾಳೋ ಶಕ್ತಿ ಇದೆಯಾ ಅಂತ ಲೆಕ್ಕ ಹಾಕಿದಳು, ಮತ್ತೆ ಮೊದಲಿಂದ ನೋಡಿದಳು.

"ಎಷ್ಟು ಸಲ ನೋಡ್ತೀಯಮ್ಮ, ಅದೇನು ಮಾತಾಡುತ್ತಾ?"

"ನೋಡದೆ ತಂದಾಗ ಸುಮ್ಮನಿತ್ತು ಅಂಕಲ್."

ಅದು ಚಿಕ್ಕಪ್ಪ ತಂದಿದ್ದರಷ್ಟು ಜೋರಲ್ಲ. ಆದ್ರೂ ಆಮೆಗೆ ಹೋಲಿಸಿದ್ರೆ ಮೊಲ. ಅಂಗಡಿಯವನು ಗೊಣಗುತ್ತಲೇ ಬದಲಾಯಿಸಿ ಕೊಟ್ಟ. ಪವರ್ ಸಪ್ಲೈ ಮಾತ್ರ, ಅರದ ಗುರುತು ಬಿದ್ದಿದೆ, ಆಗೋದೇ ಇಲ್ಲ ಅಂದ. ಹೆರೆದ ಡ್ರಾಯರ್ ಬೆಣ್ಣೆಯ ಹಾಗೆ ಜಾರಿದಾಗಲೂ ಆ ಮಾತು ಬದಲಾಗಲಿಲ್ಲ.

ಮನೆಗೆ ಬಂದು, ಬದಲಾಯಿಸಿ ತಂದ ಪ್ರೊಸೆಸರ್ ಕೂರಿಸಿದ್ರು. ಸ್ವಿಚ್ ಒತ್ತಿದ್ರು. ಮೂವರೂ ಪರದೆಯನ್ನೇ ನೋಡಿದ್ರು. ಫ್ಯಾನ್ ಬುಸ್ ಅಂತು, ದೀಪ ಬೆಳ್ಳಗೆ ನಿಂತು, ಕಂಪನಿಯ ಹೆಸರು ಮೂಡ್ತು.

"ಎದ್ದಿದೆ," ಅಂದಳು ಚಿಕ್ಕಮ್ಮ ಮೆಲ್ಲಗೆ, ಮಗು ಎದ್ದ ಹಾಗೆ.

ಆದ್ರೆ ಹಳೇ ಪವರ್ ಸಪ್ಲೈ ಕೂರಿಸೋ ಜಾಗದಲ್ಲಿ ಗೋಡೆಯೇ ಇರಲಿಲ್ಲವಲ್ಲ, ಸ್ಕ್ರೂ ಎಲ್ಲಿ ಹಾಕೋದು? ಚಿಕ್ಕಪ್ಪ ಮರದ ಗೂಡೊಂದು ಮಾಡಿ, ಗಾಳಿಗೆ ತೂತು ಬಿಟ್ಟು, ಪವರ್ ಸಪ್ಲೈ ಅದರೊಳಗಿಟ್ಟು ಪೆಟ್ಟಿಗೆಯ ಪಕ್ಕದಲ್ಲೇ ಕೂರಿಸಿದ. ಮೂಲೆಗಳನ್ನ ದುಂಡಗೆ ಉಜ್ಜೋದು ಮಾತ್ರ ಮರೀಲಿಲ್ಲ.

ಗೊಣಗಿ ಸಿನಿಮಾ ಬೇಯೋಕೆ ಇಟ್ಟಳು. ಮಾರನೇ ದಿನ ಸಂಜೆ, ಕಳಿಸೋ ಗಡುವು ಮುಗಿಯೋಕೆ ಸ್ವಲ್ಪ ಮುಂಚೆ, ಸ್ಟೂಲಿನ ಕೊನೇ ಚಿತ್ರ ಇಳೀತು. ಕಳಿಸಿದಳು. 'ತಲುಪಿದೆ' ಅಂತ ಉತ್ತರ ಬಂತು. ಅವಳು ಮೇಜಿನ ಮೇಲೆ ತಲೆ ಇಟ್ಟು ಹಾಗೇ ಇದ್ದಳು. ಗೊಣಗಲಿಲ್ಲ.

ಚಿಕ್ಕಪ್ಪ ಪಕ್ಕಕ್ಕೆ ಬಂದು ನಿಂತ. "ಸ್ಟೂಲಿಗೆ ಕೊನೆಗೆ ಕಾಲು ಸಿಕ್ತಾ?"

"ಸಿಗಲಿಲ್ಲ. ಮೂರಲ್ಲೇ ಗಟ್ಟಿಯಾಗಿ ನಿಂತಿದೀನಿ ಅಂತ ವಾಪಸ್ ಬರುತ್ತೆ."

"ಸರಿಯಾಗೇ ಮಾಡಿದೆ. ಮೂರು ಕಾಲಿಂದು ಅಲ್ಲಾಡಲ್ಲ," ಅಂದ. ಆಮೇಲೆ ಕೇಳಿದ, "ಆ ದೊಡ್ಡ ಪವರ್ ಸಪ್ಲೈ ಹಾಗೇ ಉಳೀತಲ್ಲ. ಏನು ಮಾಡೋದು?"

"ಅದನ್ನ ಮುಟ್ಟಬೇಡ ಚಿಕ್ಕಪ್ಪ."

"ಮುಟ್ಟಲ್ಲ," ಅಂದ ಅವನು, ಜೇಬಿಂದ ಅಳತೆ ಟೇಪು ಎಳೀತಾ.