ಬುಗುರಿ ಆರಿಸಿದ ಪ್ಯಾಟರ್ನ್

ಹುಟ್ಟಿದಾಗ ಇಟ್ಟ ಹೆಸರು ಶಾಲೆಯ ದಾಖಲೆಯಲ್ಲಿ ಮಾತ್ರ ಉಳಿದಿತ್ತು. ಮನೆಯಲ್ಲಿ, ಬೀದಿಯಲ್ಲಿ, ಸ್ಕೇಟಿಂಗ್ ರಿಂಕಿನಲ್ಲಿ ಎಲ್ಲರಿಗೂ ಅವಳು ಬುಗುರಿ. ಐದನೇ ವಯಸ್ಸಿಗೆ ಅಣ್ಣನ ಅಂಗಿ ಹಿಡಿದುಕೊಂಡು ಐಸಿನ ಮೇಲೆ ಕಾಲಿಟ್ಟವಳು, ಬಿದ್ದದ್ದಕ್ಕಿಂತ ತಿರುಗಿದ್ದೇ ಹೆಚ್ಚು. ಈಗ ಹದಿನೇಳು. ಹನ್ನೆರಡು ವರ್ಷದಿಂದ ಅಣ್ಣ-ತಂಗಿ ಜೋಡಿಯಾಗಿ ಐಸ್ ಡಾನ್ಸ್ ಮಾಡುತ್ತಿದ್ದರು. ಅಣ್ಣನ ಕೈ ಹಿಡಿಯದೆ ಅವಳು ಒಂದು ಸ್ಪರ್ಧೆಗೂ ಇಳಿದವಳಲ್ಲ. ಮುಂದಿನ ತಿಂಗಳ ಆಯ್ಕೆಯಲ್ಲಿ ಗೆದ್ದರೆ ದೇಶದ ತಂಡಕ್ಕೆ ಸೇರಬಹುದಿತ್ತು. ವಯಸ್ಸಿನ ಮಿತಿ ನೋಡಿದರೆ ಅಣ್ಣನಿಗೆ ಇದೇ ಕೊನೆಯ ಅವಕಾಶ. ಬುಗುರಿಗೆ ಕೂತರೂ ನಿಂತರೂ ಅದೇ ಧ್ಯಾನ.

ಅಮ್ಮ ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಎರಡು ಮಿಷನ್ ಇಟ್ಟುಕೊಂಡು ರಿಂಕಿನ ಅರ್ಧ ಹುಡುಗಿಯರಿಗೆ ಡ್ರೆಸ್ ಹೊಲಿಯುತ್ತಿದ್ದಳು. ಕೈ ಬಂಗಾರದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಯಾಟರ್ನ್ ಆರಿಸುವ ಕೆಲಸ ಬಂದರೆ ಕೈಕಾಲು ಆಡುತ್ತಿರಲಿಲ್ಲ, ಯಾಕೆಂದರೆ ಜನ್ಮದಲ್ಲಿ ಒಮ್ಮೆಯೂ ಸ್ಕೇಟ್ಸ್ ಕಟ್ಟಿದವಳಲ್ಲ. ಆ ಕಣ್ಣು ಬುಗುರಿಯದು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅಮ್ಮ ಆರು ಪ್ಯಾಟರ್ನ್ ಲಕೋಟೆಗಳನ್ನು ಮೇಜಿನ ಮೇಲೆ ಹರಡಿ, "ಬಾರೇ, ಆಯ್ಕೆಯ ಡ್ರೆಸ್ಸಿಗೆ ಯಾವುದು ಅಂತ ನೀನೇ ನೋಡಿ ಹೇಳು" ಎಂದಾಗ ಅದರಲ್ಲಿ ಹೊಸದೇನೂ ಇರಲಿಲ್ಲ.

ಒಂದೊಂದು ಲಕೋಟೆಯಲ್ಲೂ ಬಟ್ಟೆಯ ಮೇಲಿಟ್ಟು ಕತ್ತರಿಸಲು ಬೇಕಾದ, ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆಗಳು. ಒಂದೇ ಹಾಳೆಯಲ್ಲಿ ಏಳೆಂಟು ಸೈಜಿನ ಗೆರೆಗಳು ಒತ್ತೊತ್ತಾಗಿ ಓಡುತ್ತವೆ. ಯಾವ ಗೆರೆಯ ಮೇಲೆ ಕತ್ತರಿ ಹೋಗುತ್ತದೋ ಆ ಮೈಗೆ ಡ್ರೆಸ್.

"ಇದು ಬೇಡಮ್ಮ. ಕುತ್ತಿಗೆ ಹಿಂದೆ ಗಂಟು ಬರತ್ತೆ, ಅಣ್ಣನ ಬೆರಳು ಅದಕ್ಕೇ ಸಿಕ್ಕಾಕ್ಕೊಳತ್ತೆ. ಇಬ್ರೂ ಒಟ್ಟಿಗೆ ಮಗುಚಿ ಬೀಳ್ತೀವಿ, ನೋಡೋರಿಗೆ ಮಜಾ."

"ಇದು?"

"ಇದು ಒಂಟಿಯಾಗಿ ಆಡೋರಿಗೆ. ಜಿಗಿಯೋಕೆ ಸರಿ. ಲಂಗ ಇಷ್ಟು ಗಿಡ್ಡ ಇದ್ರೆ ಡಾನ್ಸಲ್ಲಿ ಬೋಳುಬೋಳಾಗಿ ಕಾಣತ್ತೆ."

"ಹಂಗಾದ್ರೆ ಈ ಉದ್ದದ್ದು ತಗೋ."

"ಅದನ್ನ ಹಾಕ್ಕೊಂಡ್ರೆ ರಿಂಕ್ ಗುಡಿಸೋಕೆ ಬೇರೆ ಜನ ಬೇಡ!"

ಅಮ್ಮ ನಕ್ಕಳು, ಆದರೆ ನಗು ಪೂರ್ತಿಯಾಗಲಿಲ್ಲ. ಬುಗುರಿ ಅದನ್ನು ಗಮನಿಸಲೂ ಇಲ್ಲ. ಅವಳ ಕಣ್ಣೆಲ್ಲ ನಾಲ್ಕನೇ ಲಕೋಟೆಯ ಚಿತ್ರದ ಮೇಲಿತ್ತು. ತುಂಬು ತೋಳು, ಮೇಲಕ್ಕೆ ಹತ್ತಿದ ಸೊಂಟದ ಗೆರೆ, ಬಲಗಡೆ ಮೊಟಕಾಗಿ ಎಡಗಡೆ ಇಳಿಬಿದ್ದ ಲಂಗ. ತಿರುವಿನಲ್ಲಿ ಆ ಎಡ ತುದಿ ಹೇಗೆ ಹಾರುತ್ತದೆ ಎನ್ನುವುದು ಅವಳಿಗೆ ಕೂತಲ್ಲೇ ಕಂಡುಹೋಯಿತು.

"ಇದೇ ಅಮ್ಮ. ಕಣ್ಣು ಮುಚ್ಚಿ ತಗೋ."

ಅಮ್ಮ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಸ್ವಲ್ಪ ಕುಳ್ಳಗಿರೋರಿಗೂ ಇದು ಒಪ್ಪತ್ತಾ?"

"ಯಾಕೆ, ನಾನೇನು ರಾತ್ರೋರಾತ್ರಿ ಕುಗ್ಗಿ ಹೋಗ್ತೀನಾ?"

"ಸುಮ್ನೆ ಕೇಳ್ದೆ ಕಣೇ."

"ಕುಳ್ಳಗಿರೋರಿಗಂತೂ ಇನ್ನೂ ಚೆಂದ. ಸೊಂಟ ಮೇಲಿದೆ ನೋಡು, ಕಾಲು ಉದ್ದ ಕಾಣತ್ತೆ" ಎಂದು ಬುಗುರಿ ಮೇಷ್ಟ್ರ ಗತ್ತಿನಲ್ಲಿ ವಿವರಿಸಿದಳು. ಪಾಪದ ಹುಡುಗಿ, ಕೇಳಿದ್ದಕ್ಕಿಂತ ಹೆಚ್ಚೇ ಹೇಳಿಕೊಟ್ಟಳು!

ಅಳತೆ ತೆಗೆಯಲು ಅವಳು ಕೈ ಅಗಲಿಸಿ ನಿಂತರೆ, ಅಮ್ಮ ಟೇಪನ್ನು ಕುತ್ತಿಗೆಯಿಂದ ಇಳಿಸಲೇ ಇಲ್ಲ. "ಹೆತ್ತೋಳಿಗೆ ಅಳತೆ ಗೊತ್ತಿಲ್ವಾ? ಹೋಗು, ಓದ್ಕೋ ಹೋಗು." ಬುಗುರಿಗೆ ಆ ಮಾತಿನಿಂದ ಹೊಟ್ಟೆ ತುಂಬಿದಂತಾಯಿತು.

ಮುಂದಿನ ಎರಡು ವಾರ ಅಭ್ಯಾಸ ಸರಿಯಾಗಿ ನಡೆಯಲಿಲ್ಲ. ಒಂದು ದಿನ ಐಸ್ ಯಂತ್ರ ಕೆಟ್ಟಿದೆ ಎಂದು ಅಣ್ಣ ಫೋನ್ ಮಾಡಿದ. ಇನ್ನೊಂದು ದಿನ ಕೋಚ್ ಮೇಡಂಗೆ ಜ್ವರ. ಮತ್ತೊಂದು ದಿನ "ನಿನಗೆ ಪರೀಕ್ಷೆ ಇದೆಯಲ್ಲ, ಬಿಡು, ನಾನೊಬ್ನೇ ಹೋಗಿ ಸ್ವಲ್ಪ ಕಾಲಾಡಿಸ್ಕೊಂಡು ಬರ್ತೀನಿ" ಎಂದ. ಇಷ್ಟೆಲ್ಲ ಕೇಳಿಯೂ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಯಾಕೆ ಬರಬೇಕು? ಜಾರುವ ಐಸಿನ ಮೇಲೆ ಎತ್ತಿ ಹಿಡಿದವನನ್ನು ನಂಬದಿದ್ದರೆ ಹನ್ನೆರಡು ವರ್ಷ ಜೀವ ಉಳಿಯುತ್ತಿತ್ತೇ?

ಆ ಬುಧವಾರ ಕಾಲೇಜಿನಲ್ಲಿ ಕೊನೆಯ ಎರಡು ತರಗತಿ ಇರಲಿಲ್ಲ. ಬುಗುರಿ ಮೂರು ಮಹಡಿಯ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ ಮನೆಗೆ ಬಂದಳು. ಅಮ್ಮ ಇರಲಿಲ್ಲ. ಹೊಲಿಗೆ ಕೋಣೆಯ ಬಾಗಿಲ ಹಿಂದೆ ಹಳೆಯ ದುಪ್ಪಟಿ ಮುಚ್ಚಿಕೊಂಡು ಡ್ರೆಸ್ ನೇತಾಡುತ್ತಿತ್ತು. ಕಡುನೀಲಿ. ಲಂಗದ ಅಂಚು ಇನ್ನೂ ಮಡಿಸಿರಲಿಲ್ಲ, ಉಳಿದದ್ದೆಲ್ಲ ಮುಗಿದಿತ್ತು. ಅವಳಿಗೆ ತಡೆಯಲಾಗಲಿಲ್ಲ, ಬಟ್ಟೆ ಬದಲಿಸಿದಳು.

ಸ್ಕೇಟಿಂಗ್ ಡ್ರೆಸ್ಸಿಗೆ ಒಂದು ಮುಖ್ಯ ಅಳತೆ ಇದೆ. ಹೆಗಲಿನಿಂದ ಹೊರಟು, ಕಾಲುಗಳ ನಡುವೆ ಹಾದು, ಬೆನ್ನೇರಿ ಅದೇ ಹೆಗಲಿಗೆ ಬಂದು ಸೇರುವ ಸುತ್ತಳತೆ. ಅದು ತಪ್ಪಿದರೆ ಎಂಥ ಬಟ್ಟೆಯಾದರೂ ಅಷ್ಟೆ. ಡ್ರೆಸ್ ಅವಳ ಸೊಂಟ ದಾಟಿ ಮೇಲೆ ಬಂತು, ಎದೆಯ ಹತ್ತಿರ ನಿಂತುಬಿಟ್ಟಿತು. ಎಳೆದಳು. ಹೆಗಲು ಮುಟ್ಟಲು ನಾಲ್ಕು ಬೆರಳು ಬಾಕಿ.

ಅಯ್ಯೋ, ಅಮ್ಮ ಅಳತೆ ತಪ್ಪಿದ್ದಾಳಲ್ಲ! ಮೊದಲು ಬಂದದ್ದು ಈ ಮರುಕವೇ. ವಯಸ್ಸಾಯಿತು, ಕಣ್ಣು ಸೋಲುತ್ತಿದೆ, ಬೈಯಬಾರದು, ಮೆಲ್ಲಗೆ ಹೇಳಬೇಕು ಎಂದುಕೊಂಡು ಅರ್ಧ ತೊಟ್ಟ ಡ್ರೆಸ್ಸಿನಲ್ಲೇ ಟೇಪು ಹಿಡಿದು ಎಷ್ಟೆಷ್ಟು ಬಿಡಿಸಬೇಕು ಎಂದು ನೋಡತೊಡಗಿದಳು. ತೋಳು ಎರಡು ಅಂಗುಲ ಗಿಡ್ಡ. ಎದೆ ಒಂದು ಅಂಗುಲ ಸಡಿಲ. ಸೊಂಟದಿಂದ ಹೆಗಲಿಗೆ ಮೂರು ಅಂಗುಲ ಕಡಿಮೆ. ನೋಡುತ್ತ ನೋಡುತ್ತ ಅವಳು ಟೇಪು ಕೆಳಗಿಟ್ಟಳು. ಅಳತೆ ತಪ್ಪಿದರೆ ಒಂದು ಕಡೆ ತಪ್ಪಬೇಕು. ಇದು ಎಲ್ಲ ಕಡೆಯೂ ಸರಿಯಾಗಿತ್ತು, ಬೇರೆ ಯಾರಿಗೋ.

ಅಷ್ಟರಲ್ಲಿ ಬಾಗಿಲಲ್ಲಿ ಬೀಗದ ಕೈ ತಿರುಗಿತು. ಅಮ್ಮನ ಜೊತೆ, ಬುಗುರಿ ರಿಂಕಿನಲ್ಲಿ ಹಿಂದೆಂದೂ ಕಂಡಿರದ ಒಂದು ಹುಡುಗಿ ಒಳಗೆ ಬಂದಳು. ಹದಿನಾರರ ಆಸುಪಾಸು, ಬುಗುರಿಯ ಕಿವಿಯಷ್ಟು ಎತ್ತರ. ಭುಜದ ಮೇಲೆ ಸ್ಕೇಟ್ಸಿನ ಚೀಲ. ರಿಂಕಿನಿಂದ ನೇರ ಬಂದಿದ್ದಳು, ಕೆನ್ನೆ ಇನ್ನೂ ಚಳಿಗೆ ಕೆಂಪಾಗಿತ್ತು.

ಬುಗುರಿಯನ್ನು ಕಂಡದ್ದೇ ಅಮ್ಮ ನಿಂತಲ್ಲೇ ನಿಂತಳು. ಹುಡುಗಿಯೇ ಮುಂದೆ ಬಂದಳು.

"ಅಕ್ಕಾ, ನೀವೇ ಬುಗುರಿ ಅಕ್ಕ ಅಲ್ವಾ? ಮೊಣಕಾಲು ಈಗ ಹೇಗಿದೆ? ನೀವೇ ಜಾಗ ಬಿಟ್ಟುಕೊಟ್ಟು ನನ್ನನ್ನ ಸೇರಿಸ್ಕೊಳ್ಳಿ ಅಂದ್ರಂತೆ. ನಿಮ್ಮಣ್ಣ ಹೇಳಿದ್ರು. ಈ ಪ್ಯಾಟರ್ನೂ ನನಗೋಸ್ಕರ ನೀವೇ ಆರಿಸಿದ್ದಂತೆ. ನನ್ನ ಸ್ವಂತ ಅಕ್ಕನೂ ಇಷ್ಟು ಮಾಡಲ್ಲ."

ಬಾಯಲ್ಲಿ ಬೆಲ್ಲ, ಕರುಳು ಕತ್ತರಿ ಎನ್ನುತ್ತಾರಲ್ಲ, ಹಾಗಿದ್ದವಳು ಈ ಹುಡುಗಿಯಲ್ಲ. ಕತ್ತರಿ ಹಿಡಿದವರು ಮನೆಯೊಳಗೇ ಇದ್ದರು, ಒಂದೇ ತಟ್ಟೆಯಲ್ಲಿ ಉಂಡವರು.

"ನನ್ನ ಮೊಣಕಾಲಿಗೆ ಏನೂ ಆಗಿಲ್ಲ" ಎಂದಳು ಬುಗುರಿ. "ನಾನು ಜಾಗ ಬಿಟ್ಟಿಲ್ಲ. ನಂಗೆ ಈಗಷ್ಟೇ ಗೊತ್ತಾಯ್ತು."

ಹುಡುಗಿಯ ಕೆನ್ನೆಯ ಕೆಂಪು ಇಳಿದುಹೋಯಿತು. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡಿದಳು.

"ಹೇಳೋಣ ಅಂತಲೇ ಇದ್ದೆ ಕಣೇ..."

"ಯಾವಾಗ? ಡ್ರೆಸ್ಸಿಗೆ ಗುಂಡಿ ಹಾಕಿದ ಮೇಲಾ?"

"ವರ್ಷದಲ್ಲಿ ಮೂರು ಅಂಗುಲ ಬೆಳೆದೆ ನೀನು. ಅವನಿಗೆ ಎತ್ತೋಕಾಗ್ತಿಲ್ಲ. ಎರಡು ಸಲ ಬೆನ್ನು ಹಿಡ್ಕೊಂಡು ಮಲಗಿದ್ದ, ನಿಂಗೆ ತಿಳೀಬಾರ್ದು ಅಂತ ಅವನಿಗೆ ಜ್ವರ ಅಂದ್ವಿ. ಅವನಿಗಿದು ಕೊನೇ ವರ್ಷ. ನಾನು ಇಬ್ಬರಿಗೂ ತಾಯಿ, ಏನು ಮಾಡ್ಲಿ ಹೇಳು?"

"ಅದನ್ನೇ ಹೇಳ್ಬಹುದಿತ್ತಲ್ಲಮ್ಮ! ಅಳ್ತಿದ್ದೆ. ಊಟ ಬಿಡ್ತಿದ್ದೆ. ಅಣ್ಣನ ಜೊತೆ ಒಂದು ವಾರ ಮಾತು ಬಿಡ್ತಿದ್ದೆ. ಆಮೇಲೆ ನಾನೇ ಬಂದು ಇವಳಿಗೆ ಹೆಜ್ಜೆ ಹೇಳಿಕೊಡ್ತಿದ್ದೆ." ಬುಗುರಿ ಹೊಲಿಗೆ ಮೇಜಿನ ಕಡೆ ಕೈ ತೋರಿಸಿದಳು. "ಅವನು ಮೋಸ ಮಾಡಿದ, ಸರಿ, ಅವನಿಗೆ ಭಯ. ನೀನು ನನ್ನ ಕೈಯಲ್ಲೇ ಪ್ಯಾಟರ್ನ್ ಆರಿಸಿದ್ಯಲ್ಲಮ್ಮ. ಕುಳ್ಳಗಿರೋರಿಗೆ ಒಪ್ಪತ್ತಾ ಅಂತ ನನ್ನನ್ನೇ ಕೇಳಿದ್ಯಲ್ಲ."

ಹುಡುಗಿ ಚೀಲ ಎತ್ತಿಕೊಂಡು, "ನಾನು ಹೋಗ್ತೀನಿ, ನಂಗಿದು ಬೇಡ" ಎಂದು ಬಾಗಿಲ ಕಡೆ ತಿರುಗಿದಳು.

"ನಿಲ್ಲು" ಎಂದಳು ಬುಗುರಿ. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಹೋಗಿ, ಡ್ರೆಸ್ ಕಳಚಿ, ತನ್ನ ಕಾಲೇಜಿನ ಬಟ್ಟೆ ತೊಟ್ಟು ಬಂದಳು. "ಹಾಕ್ಕೋ. ನಿಂಗೇ ಹೊಲಿದಿರೋದು."

ಹುಡುಗಿ ಹೆದರುತ್ತ ಹೆದರುತ್ತ ಹಾಕಿಕೊಂಡಳು. ಕೂತುಬಿಟ್ಟಿತು, ಎರಕ ಹೊಯ್ದಂತೆ. ಬುಗುರಿ ಹೇಳಿದ್ದ ಹಾಗೇ ಕಾಲು ಉದ್ದ ಕಂಡವು. ಅಮ್ಮ ಮೊಣಕಾಲೂರಿ, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಲಂಗದ ಅಂಚಿಗೆ ಗುರುತು ಹಾಕಿದಳು.

ಬುಗುರಿ ನೋಡಿದಳು. ಎಡ ತುದಿ ಎರಡು ಬೆರಳು ಉದ್ದವಾಗಿತ್ತು. ಅಮ್ಮ ಡ್ರೆಸ್ಸಿನ ಮೈಭಾಗವನ್ನು ಮೋಟು ಮಾಡಿದ್ದಳು, ಲಂಗ ಹಾಗೇ ಉಳಿಸಿದ್ದಳು. ಈ ಹುಡುಗಿ ಮಂಡಿ ಬಗ್ಗಿಸಿ ಎಡಕ್ಕೆ ತಿರುಗಿದರೆ ಬಟ್ಟೆ ಸ್ಕೇಟ್ಸಿನ ಬ್ಲೇಡಿನ ಕೆಳಗೆ ಬರುತ್ತದೆ. ನಿಂತು ನೋಡಿದರೆ ಅದು ಯಾರಿಗೂ ಕಾಣದು. ಸುಮ್ಮನಿದ್ದರೆ ಆಯಿತು. ತೀರ್ಪುಗಾರರ ಮುಂದೆ, ಊರೆಲ್ಲ ನೋಡುವಾಗ, ಅಣ್ಣನೂ ಈ ಹುಡುಗಿಯೂ ದಬಾರನೆ ಬೀಳುತ್ತಾರೆ. ಆ ಚಿತ್ರ ಅವಳ ಕಣ್ಣ ಮುಂದೆ ಬಂತು, ಸುಳ್ಳು ಯಾಕೆ, ಒಂದು ಗಳಿಗೆ ಹಿತವೂ ಆಯಿತು.

ಅವಳು ಬಗ್ಗಿ ಅಮ್ಮನ ಗುರುತಿಗಿಂತ ಎರಡು ಬೆರಳು ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. "ಇಲ್ಲಿಗೆ ಕತ್ತರಿಸು. ಇಲ್ದಿದ್ರೆ ಬ್ಲೇಡಿಗೆ ಸಿಗತ್ತೆ."

ಅಮ್ಮ ಬಾಯಿಯ ಸೂಜಿಗಳನ್ನು ಅಂಗೈಗೆ ತೆಗೆದುಕೊಂಡಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ನನ್ನ ಬಂಗಾರ! ನಂಗೆ ಗೊತ್ತಿತ್ತು ಕಣೇ, ನೀನು ಹೊಟ್ಟೆಗೆ ಹಾಕ್ಕೋತೀಯ ಅಂತ."

"ಇಲ್ಲಮ್ಮ, ಹಾಕ್ಕೊಂಡಿಲ್ಲ" ಎಂದಳು ಬುಗುರಿ. "ಈ ಹುಡುಗಿ ಬೀಳಬಾರ್ದು, ಅದಕ್ಕೆ ಹೇಳ್ದೆ. ನಿನ್ನ ಜೊತೆ ಇನ್ನು ಹೇಗಿರೋದು ಅಂತ ನಂಗೆ ಗೊತ್ತಿಲ್ಲ."