ಕಚ್ಚಾ ಮನೆಯ ಹುಲ್ಲು

ಅಜ್ಜಾವರದ ಧನಿಗಳ ಬಾಯಲ್ಲಿ ‘ಕಚ್ಚಾ’ ಎಂಬ ಮಾತಿಗೆ ಒಂದೇ ಅರ್ಥ: ಏಳು ಎಂದ ದಿನ ಎದ್ದು ಹೋಗಬೇಕಾದವರ ಮನೆ. ಒಕ್ಕಲುಗಳು ಮಣ್ಣಿನ ಗೋಡೆ ಕಟ್ಟಬಹುದು, ಮುಳಿಹುಲ್ಲು ಹೊದೆಸಬಹುದು. ಹಂಚು ಕೂಡದು. ಆ ಹುಲ್ಲನ್ನೂ ವರ್ಷ ವರ್ಷ ಧನಿಗಳ ಅಂಗಳದಲ್ಲಿ ಸೌತೆಕಾಯಿ ಕಾಣಿಕೆ ಇಟ್ಟು ಕೇಳಬೇಕು. ಕೇಳಿದೆಯೋ, ಇನ್ನೊಂದು ವರ್ಷ ಕಚ್ಚಾ ಎಂದು ನೀನೇ ಒಪ್ಪಿದ ಹಾಗೆ.

ಒಕ್ಕಲು ಚನಿಯಪ್ಪನ ಹೆಂಡತಿ ದುಗ್ಗಮ್ಮನಿಗೆ ಇದು ಸಾಕಾಗಿತ್ತು. ಅರುವತ್ತೆರಡರ ಬೇಸಿಗೆಯಲ್ಲಿ ಅವಳು ಕಡಸು ಮಾರಿದಳು. ಪುತ್ತೂರಿನಲ್ಲಿ ಕೆಡವಿದ ಅಂಗಡಿಯೊಂದರ ಹಳೇ ಹಂಚು ಸಾಹುಲ್ ಹಮೀದನ ಲಾರಿಯಲ್ಲಿ ಬಂದು ದನದ ಹಟ್ಟಿಯ ಹಿಂದೆ ಇಳಿಯಿತು. ಚನಿಯಪ್ಪ ಹಂಚು ಕೂರಿಸಲು ಮರದ ಪಕ್ಕಾಸು ಕೆತ್ತಿಟ್ಟ.

“ಒಕ್ಕಲು ಬಿಡಿಸಿದ್ರೆ?” ಎಂದು ಅವನಿಗೆ ಹೆದರಿಕೆ.

“ಹಂಚಿನ ಮನೆಯಿಂದ ಹೊರಗೆ ಹಾಕುದು ಅಷ್ಟು ಸುಲಭ ಅಲ್ಲ. ನಾಲ್ಕು ಜನ ಕೇಳ್ತಾರೆ.”

ಮರುದಿನ ಬೆಳಿಗ್ಗೆ ಚನಿಯಪ್ಪ ಹಳೇ ಅಭ್ಯಾಸದಂತೆ ಸೌತೆಕಾಯಿ ಕಂಕುಳಲ್ಲಿ ಇರುಕಿಸಿಕೊಂಡು ಹೋಗಿ ಹುಲ್ಲು ಕೇಳಿ ಬಂದ!

“ಎಂತ ಹೇಳಿದ್ರು?”

“ಕೊಯ್ಕೊ ಅಂದ್ರು. ಕಚ್ಚಾ ಮನೆಯೇ ತಂಪು ಮಾರಾಯ ಅಂದ್ರು.”

“ತಂಪಾದ್ರೆ ಅವರೇ ಬಂದು ಮಲಗ್ಲಿ.” ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ದುಗ್ಗಮ್ಮ ಗಂಡನ ಮುಖ ನೋಡಿ, ನಗು ತಡೆಯಲಾಗದೆ ಜಗಲಿಯಲ್ಲೇ ಕುಸಿದಳು. “ಹಂಚು ತಂದದ್ದು ದನಗಳಿಗಾ?”

“ಕಾಲು ತಾನಾಗಿ ಆಚೆ ಹೋಯ್ತು ಮಾರಾಯ್ತಿ.”

“ಗಂಜಿ ಉಂಡು ಅದೇ ಕಾಲಲ್ಲಿ ಹೋಗಿ ಬೇಡ ಅಂತ ಹೇಳಿ ಬನ್ನಿ. ನಾನು ಬಂದ್ರೆ ಜಗಳ ಆಗ್ತದೆ.”

ಧನಿಗಳ ಎದುರು ಎರಡನೆಯ ಮಾತು ಆಡಿದವನಲ್ಲ ಚನಿಯಪ್ಪ. ಅಂಗಳದಲ್ಲಿ ನಿಂತು, ನೆಲ ನೋಡುತ್ತ ಹೇಳಿದ: “ಹುಲ್ಲು ಬೇಡ ಧನಿಗಳೇ. ಹಂಚು ಹಾಕ್ತೇವೆ.”

ಧನಿಗಳು ಎಲೆಯಡಿಕೆ ಜಗಿಯುವುದು ನಿಲ್ಲಿಸಿದರು. “ಹಂಚಾ? ಯಾರನ್ನು ಕೇಳಿ?”

“ದುಗ್ಗಮ್ಮನನ್ನು ಕೇಳಿ.”

“ನೆಲ ನನ್ನದು ಚನಿಯಾ.”

“ಹೌದು. ಗೋಡೆಯ ಮಣ್ಣು ಮೆಟ್ಟಿದ್ದು ಅವಳು.”

ಅವನು ಹಿಂದೆ ಸರಿಯಲಿಲ್ಲ.

“ನೋಡ್ತೇನೆ” ಎಂದರು ಧನಿಗಳು.

“ನೋಡ್ಲಿಕ್ಕೆ ಬನ್ನಿ. ನಾಳೆ ಹಂಚಿನ ಮಾಡು ಏರಿಸುದು.”

ಮನೆಯಲ್ಲಿ ಇದನ್ನು ಹೇಳಿದಾಗ ದುಗ್ಗಮ್ಮ ಬಾಯಿ ತೆರೆದು ನಿಂತಳು. “ಅಯ್ಯೋ, ನೀವು ಅವರನ್ನು ಕರೆದೇ ಬಂದಿರಾ!”

“ನೋಡ್ತೇನೆ ಅಂದ್ರು. ಮತ್ತೆ ಬರಬೇಡಿ ಅನ್ನುದಾ?”

ಅವಳು ಏಣಿ ಎಳೆತಂದು ಗೋಡೆಗೆ ಒರಗಿಸಿದಳು. “ಹಾಗಾದ್ರೆ ನಾಳೆಗೆ ಯಾಕೆ? ಈಗಲೇ ಹತ್ತಿ.”

ಚನಿಯಪ್ಪ ಹತ್ತಿದ. ಹಳೇ ಹುಲ್ಲಿನ ಮೊದಲ ಕಂತೆ ಕಿತ್ತು ಕೆಳಗೆಸೆದ.

“ನನ್ನ ತಲೆಗಲ್ಲ ಮಾರಾಯ್ರೆ!”