ಸೋಮವಾರದಿಂದ ಅಲ್ಲಿದ್ದವನು

ಹನ್ನೊಂದು ಗ್ಲಾಸು ಸಾಕಿತ್ತು. ಚಿತ್ತರಂಜನ ಹನ್ನೆರಡು ಗ್ಲಾಸಿಗೆ ಚಾ ಹೊಯ್ದಿದ್ದ. ಕೊನೆಯ ಗ್ಲಾಸಿನ ನೊರೆ ಅಂಚಿಗೆ ಬಂದು ನಿಂತ ಮೇಲೆಯೇ ಅವನಿಗೆ ಅದು ಗೊತ್ತಾದದ್ದು. ಬಾಣಲೆಯಿಂದ ಬನ್ಸ್ ಎತ್ತುತ್ತಿದ್ದ ಹೆಂಡತಿ ಸ್ನೇಹಲತಾ ಸೌಟನ್ನು ಹಾಗೆಯೇ ಹಿಡಿದು ಅವನ ಕಡೆ ನೋಡಿದಳು.

"ಇವತ್ತೂ?"

ಅವನು ಆ ಗ್ಲಾಸನ್ನು ಎತ್ತಿ ತೊಳೆಯುವ ಕಲ್ಲಿಗೆ ಚೆಲ್ಲಿದ. ಅಷ್ಟರಲ್ಲಿ ಹೋಟೆಲಿನ ಎದುರಿನ ಪೊಲೀಸ್ ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ನೊರ್ಬರ್ಟ್ ರಸ್ತೆ ದಾಟಿ ಬಂದ. ಕೈಯಲ್ಲಿ ಮಡಚಿದ ಕಾಗದವಿತ್ತು.

"ಶೆಟ್ರೆ, ನಿಮಗೊಂದು ಮದುವೆ ಕಾಗದ ಬಂದಿದೆ. ಬರುವ ಗುರುವಾರ ಹನ್ನೊಂದು ಗಂಟೆಗೆ ಸೆಷನ್ಸ್ ಕೋರ್ಟು. ಊಟ ಇಲ್ಲ, ನಿಮ್ಮದೇ ಖರ್ಚು."

"ಯಾವ ಕೇಸು?"

"ಎಂತ ಮಾರಾಯ್ರೆ ಹೀಗೆ ಕೇಳ್ತೀರಿ? ಟೀಚರ್‌ದು. ಬೆಳಿಗ್ಗೆ ಆರೂವರೆಗೆ ಪಡೀಲಿನ ರೈಲ್ವೆ ಸೇತುವೆ ಹತ್ರ ಹೋದೆವು, ಅವನನ್ನು ಹಿಡಿದೆವು, ಕಿಸೆಯಲ್ಲಿ ಸರ ಸಿಕ್ತು, ನಾನು ನೋಡಿದೆ. ಇಷ್ಟೇ. ಎರಡು ಸರ್ತಿ ಓದಿಕೊಳ್ಳಿ, ಮತ್ತೆ ನಿಮಗೆ ಹೇಳಿ ಕೊಡ್ಬೇಕಾ!"

ಹೇಳಿಕೊಡಬೇಕಾಗಿರಲಿಲ್ಲ. ಹದಿನೆಂಟು ವರ್ಷಗಳಿಂದ ಆ ಠಾಣೆಗೆ ಬೆಳಿಗ್ಗೆ ಏಳಕ್ಕೆ, ಸಂಜೆ ನಾಲ್ಕಕ್ಕೆ ಚಾ ಕೊಂಡುಹೋಗುತ್ತಿದ್ದವನು ಅವನೇ. ಪೊಲೀಸರು ಏನನ್ನಾದರೂ ವಶಪಡಿಸಿಕೊಂಡಾಗ ಊರಿನ ಇಬ್ಬರು ಅದನ್ನು ಕಣ್ಣಾರೆ ನೋಡಿ ಮಹಜರಿಗೆ ಸಹಿ ಹಾಕಬೇಕು. ಹಾಗೆ ಸಹಿ ಹಾಕುವ ಪಂಚರಲ್ಲಿ ಒಬ್ಬ ಯಾವಾಗಲೂ ಚಿತ್ತರಂಜನ. ಮೊದಮೊದಲು ಸ್ಥಳಕ್ಕೆ ಹೋಗುತ್ತಿದ್ದ. ಆಮೇಲೆ ಹೋಟೆಲಿನಲ್ಲಿ ಜನ ಇದ್ದಾಗ, "ನೀವು ಬರುದು ಬೇಡ, ಕಾಗದ ಇಲ್ಲಿಗೇ ತರ್ತೇನೆ" ಎಂದು ನೊರ್ಬರ್ಟನೇ ಹೇಳಿದ. ಹಿಟ್ಟಿನ ಕೈಯನ್ನು ಒರೆಸಿಕೊಂಡು ಕ್ಯಾಶ್ ಮೇಜಿನ ಮೇಲೆಯೇ ಸಹಿ ಆಗತೊಡಗಿತು.

ಅದರಲ್ಲಿ ಅವನಿಗೆ ಸುಳ್ಳು ಕಾಣಿಸಿರಲಿಲ್ಲ. ಒಂದು ಬಗೆಯ ಹೆಮ್ಮೆಯೇ ಇತ್ತು. ಬಂಟ್ವಾಳದ ಆಚೆ ಅವನ ಊರಿನಲ್ಲಿ ಗದ್ದೆಗಳ ಗಡಿಯ ತಕರಾರು ಬಂದರೆ ಅವನ ಸೋದರಮಾವನನ್ನು ಕರೆಯುತ್ತಿದ್ದರು. ಮಾವ ಗದ್ದೆಯಂಚಿನ ಹುಣಿಯ ಮೇಲೆ ನಿಂತು, ಕೆಸರಿನ ಕಾಲನ್ನು ಹುಲ್ಲಿಗೆ ಉಜ್ಜುತ್ತ, "ಇಲ್ಲಿಂದ ಅಲ್ಲಿಗೆ" ಎಂದರೆ ಅದೇ ಗಡಿ. ಅಂಥವರ ಮನೆಯವನು ತಾನು ಎಂದು ಸಹಿ ಹಾಕುವಾಗ ಅವನಿಗೆ ಅನಿಸುತ್ತಿತ್ತು. ಒಂದು ಗಣರಾಜ್ಯ ದಿನ ಠಾಣೆಯವರು ಶಾಲು ಹೊದಿಸಿ, 'ಉತ್ತಮ ನಾಗರಿಕ' ಎಂದು ಕರೆದರು. ಆ ಫೋಟೋ ಹೋಟೆಲಿನ ಗೋಡೆಗೆ ಬಂತು. ಹಿಂದಿನ ರಸ್ತೆಯಲ್ಲಿದ್ದ ನೀರಜಾಕ್ಷಿ ಟೀಚರು ಅದನ್ನು ನೋಡಲೆಂದೇ ಬಂದಿದ್ದರು. ಹೈಸ್ಕೂಲಿನಲ್ಲಿ ಅವನಿಗೆ ಸಮಾಜ ಪಾಠ ಮಾಡಿದವರು.

"ಕರ್ತವ್ಯ ಹತ್ತೂ ಗಡಗಡ ಹೇಳ್ತಿದ್ದೆ ನೀನು. ಹಕ್ಕು ಆರು ಹೇಳು ಅಂದ್ರೆ ಮಾತ್ರ ಐದಕ್ಕೇ ನಿಲ್ತಿದ್ದೆ. ಈಗ ಆರನೇದು ನೆನಪುಂಟಾ?"

"ಚಾ ಕುಡೀರಿ ಟೀಚರೆ."

"ಗೊತ್ತಿತ್ತು ನನಗೆ" ಎಂದು ನಕ್ಕು, ಕೊರಳಿನ ಹವಳದ ಸರವನ್ನು ಸೆರಗಿನ ಒಳಗೆ ಸರಿಸಿಕೊಂಡು ಅವರು ಕುಳಿತಿದ್ದರು.

ಹದಿನಾಲ್ಕು ತಿಂಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಚಾ ಕೊಂಡುಹೋದಾಗ, ಠಾಣೆಯ ಮೆಟ್ಟಿಲಿನ ಕೆಳಗೆ, ಹಳೆಯ ಕಡತಗಳ ಕಟ್ಟುಗಳ ನಡುವೆ ಒಬ್ಬ ಕುಳಿತಿದ್ದ. ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ಇರಬಹುದು, ನೀಲಿ ಶರ್ಟು. ಮೊಣಕಾಲು ಮಡಚಿ ಗಲ್ಲವನ್ನು ಅದರ ಮೇಲಿಟ್ಟಿದ್ದ. ತಟ್ಟೆ ಹಿಡಿದು ಹತ್ತಿರ ಹಾಯುವಾಗ ಮೆಲ್ಲನೆ ಕೇಳಿದ:

"ಅಣ್ಣಾ, ಇವತ್ತು ಯಾವ ವಾರ?"

"ಸೋಮವಾರ" ಎಂದ ಚಿತ್ತರಂಜನ.

ಮರುದಿನವೂ ಅವನು ಅಲ್ಲೇ ಇದ್ದ. ತುಟಿ ಒಡೆದಿತ್ತು. ಚಿತ್ತರಂಜನ ಒಂದು ಗ್ಲಾಸು ಹೆಚ್ಚು ತಂದಿದ್ದ. ಅದನ್ನು ಕೊಡಲೆಂದು ಬಗ್ಗಿದಾಗ ಮೇಜಿನ ಹಿಂದಿನಿಂದ ನೊರ್ಬರ್ಟ್ ಹೇಳಿದ: "ಶೆಟ್ರೆ, ಹನ್ನೊಂದು ಸಾಕು. ಅವ ಇನ್ನೂ ಬರ್ಲಿಲ್ಲ."

"ಯಾರು?"

"ಅವ. ಅವ ಇಲ್ಲಿಗೆ ಇನ್ನೂ ಬರ್ಲಿಲ್ಲ." ನೊರ್ಬರ್ಟ್ ತಲೆ ಎತ್ತಲಿಲ್ಲ, ಠಾಣೆಯ ದಾಖಲೆ ಪುಸ್ತಕದಲ್ಲಿ ಬರೆಯುತ್ತಲೇ ಇದ್ದ.

ಆ ಮಧ್ಯಾಹ್ನ ಬುರ್ಖಾ ತೊಟ್ಟ ಹೆಂಗಸೊಬ್ಬಳು ಹೋಟೆಲಿನ ಬಾಗಿಲಲ್ಲಿ ನಿಂತಳು. ಮುಖದ ಬೆವರನ್ನು ಒರೆಸಿಕೊಂಡು, "ಉಳ್ಳಾಲದಿಂದ ಬಂದದ್ದು. ಎದುರಿನವರು ಇಲ್ಲ ಅಂತಾರೆ. ನನ್ನ ಮಗ ಸಫ್ವಾನ್, ನೀಲಿ ಶರ್ಟು. ನೀವು ಎಲ್ಲಿಯಾದ್ರೂ ನೋಡಿದ್ರಾ?" ಎಂದಳು. ಚಿತ್ತರಂಜನ ಅವಳಿಗೆ ನೀರು ಕೊಟ್ಟ. ಅವಳು ಕುಡಿಯುವ ತನಕ ಕಾದು, "ಇಲ್ಲ, ನೋಡ್ಲಿಲ್ಲ" ಎಂದ.

ಅದೇ ದಿನ, ಮಂಗಳವಾರ ಸಂಜೆ, ದೇವಸ್ಥಾನದಿಂದ ಮರಳುತ್ತಿದ್ದ ನೀರಜಾಕ್ಷಿ ಟೀಚರ ಕೊರಳಿನ ಸರವನ್ನು ಬೈಕಿನಲ್ಲಿ ಬಂದವನು ಎಳೆದ. ಅವರು ಚರಂಡಿಯ ಕಲ್ಲಿಗೆ ಬಿದ್ದರು. ಬುಧವಾರ ಮಧ್ಯಾಹ್ನ ನೊರ್ಬರ್ಟ್ ಮಹಜರು ತಂದ. ಜೊತೆಗೆ ಕಾಗದದ ಲಕೋಟೆಯಲ್ಲಿ ಹವಳದ ಸರ. ಅದು ಎಲ್ಲಿಂದ ಸಿಕ್ಕಿತು ಎಂದು ಚಿತ್ತರಂಜನ ಕೇಳಲಿಲ್ಲ. ಬುಧವಾರ ಬೆಳಿಗ್ಗೆ ಆರೂವರೆ, ಪಡೀಲು, ಆರೋಪಿ ಸಫ್ವಾನ್ ಎಂದು ಕಾಗದದಲ್ಲಿ ಇತ್ತು. ಹಿಂದಿನ ಸಂಜೆ ಚಾ ಕೊಂಡುಹೋದಾಗಲೂ, ಆ ಬೆಳಿಗ್ಗೆಯೂ ಅವನು ಮೆಟ್ಟಿಲಿನ ಕೆಳಗೇ ಇದ್ದ. ಪೆನ್ನು ಅಲ್ಲೇ ನಿಂತಿತು.

"ಎಂತ ಶೆಟ್ರೆ, ಪೆನ್ನು ಬರುದಿಲ್ವಾ? ನಿಮ್ಮ ಟೀಚರು, ಅಲ್ಲಿ ಐಸಿಯುವಿನಲ್ಲಿ ಮಲಗಿದ್ದಾರೆ."

ಅವನು ಸಹಿ ಹಾಕಿದ. ಶುಕ್ರವಾರ ಟೀಚರು ತೀರಿಹೋದರು.

ಅವರ ಹನ್ನೆರಡನೆಯ ದಿನ ಕಳೆದ ಮೇಲೆ ಅದು ಶುರುವಾಯಿತು. ಹೋಟೆಲಿನ ಮೆಟ್ಟಿಲಿನ ಕೆಳಗೆ, ಗ್ಯಾಸ್ ಸಿಲಿಂಡರುಗಳ ಹಿಂದೆ, ಯಾರೋ ಮೊಣಕಾಲು ಮಡಚಿ ಕುಳಿತಂತೆ. ನಡು ಹಗಲಿನಲ್ಲಿ, ಗಿರಾಕಿಗಳು ತುಂಬಿರುವಾಗ, ಗೋಳಿಬಜೆಯ ತಟ್ಟೆ ಹಿಡಿದು ಹಾಯುವಾಗ. ತಿರುಗಿ ನೋಡಿದರೆ ಸಿಲಿಂಡರು ಮಾತ್ರ. ಆದರೆ ಅಲ್ಲಿಗೆ ಕೈ ಹಾಕಲು ಅವನಿಗೆ ಆಗುತ್ತಿರಲಿಲ್ಲ. ಗ್ಯಾಸು ಬದಲಿಸುವ ಕೆಲಸ ಸ್ನೇಹಲತಾಳಿಗೆ ಬಂತು. ಅವಳು ಜೆಪ್ಪುವಿನ ಒಬ್ಬ ಜೋಯಿಸರಲ್ಲಿ ಪ್ರಶ್ನೆ ಇಡಿಸಿದಳು. ಹೆಣ್ಣು ಕುಲೆ, ದಾಹ ತೀರದ ಪ್ರೇತ ಎಂದು ಅವರು ಹೇಳಿದರು. ಅಂದಿನಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲಿನ ಕೆಳಗೆ ಒಂದು ಚೊಂಬು ನೀರು, ಬಾಳೆಲೆಯ ತುಂಡಿನಲ್ಲಿ ಅವಲಕ್ಕಿ. ಬೆಳಿಗ್ಗೆ ಅವಲಕ್ಕಿಗೆ ಇರುವೆ ಮುತ್ತಿರುತ್ತಿತ್ತು. ಚೊಂಬಿನ ನೀರು ಇಟ್ಟಷ್ಟೇ ಇರುತ್ತಿತ್ತು.

ಸಮನ್ಸ್ ಬಂದ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಸ್ನೇಹಲತಾ ಹೇಳಿದಳು: "ಕೋರ್ಟಿನಲ್ಲಿ ಒಮ್ಮೆ ಹೇಳಿ ಬಂದ್ರೆ ಟೀಚರಿಗೆ ಶಾಂತಿ ಸಿಕ್ತದೆ. ಮತ್ತೆ ಬರ್ಲಿಕ್ಕಿಲ್ಲ ಅವರು."

"ಅದು ಟೀಚರಲ್ಲ."

ಅವಳ ಕೈ ಅನ್ನದಲ್ಲೇ ನಿಂತಿತು. "ಮತ್ತೆ?"

"ಗಂಡು. ಜೈಲಿನಲ್ಲಿದ್ದಾನಲ್ಲ, ಅವ."

"ಅವ ಸತ್ತಿದ್ದಾನಾ?"

"ಇಲ್ಲ."

"ಬದುಕಿರುವವರು ಕುಲೆಯಾಗಿ ಬರ್ತಾರಾ? ಎಂತ ಮಾತಾಡ್ತೀರಿ ನೀವು?"

"ಅವ ಅಲ್ಲಿ ಇರ್ಲಿಲ್ಲ ಅಂತ ನಾನೇ ಬರೆದು ಕೊಟ್ಟಿದ್ದೇನೆ" ಎಂದ ಚಿತ್ತರಂಜನ. "ಟೀಚರ ಸರ ಎಳೆಯುವಾಗ ಅವ ಠಾಣೆಯ ಮೆಟ್ಟಿಲಿನ ಕೆಳಗಿದ್ದ. ಸೋಮವಾರದಿಂದ. ನಾನು ನೋಡಿದ್ದೇನೆ."

ಸ್ನೇಹಲತಾ ತಟ್ಟೆಯನ್ನು ಬದಿಗೆ ಸರಿಸಿದಳು. ಸಾರು ತಣ್ಣಗಾಯಿತು. "ಹೋಟೆಲು ಠಾಣೆಯ ಎದುರಿನದ್ದು, ಲೈಸನ್ಸು ಅವರ ಕೈಯಲ್ಲಿ" ಎಂದಳು ಕೊನೆಗೆ. "ನಾಳೆ ಅವರು ಇಲ್ಲಿಗೆ ಬರ್ತಾರೆ. ಸಿಲಿಂಡರು ಸರಿ ಇಲ್ಲ, ಚರಂಡಿ ಸರಿ ಇಲ್ಲ. ನಿಮ್ಮ ಮೇಲೆಯೇ ಒಂದು ಕೇಸು. ಯೋಚಿಸಿ ಹೇಳಿ." ಅವಳು ಎದ್ದು ಹೋದಳು. ಅಂದು ಸಂಜೆ ಚೊಂಬು ಇಡಲಿಲ್ಲ.

ಕೋರ್ಟಿನ ಹಿಂದಿನ ದಿನ, ಬುಧವಾರ, ಟೀಚರ ಮಗ ವಿಠಲ ಭಟ್ಟರು ಪೂಜೆ ಮುಗಿಸಿ ಹಾಗೆಯೇ ಬಂದರು. ಬಾಳೆಲೆಯಲ್ಲಿ ಗಂಧಪ್ರಸಾದ ಕೊಟ್ಟರು. ಕುಳಿತುಕೊಳ್ಳಲಿಲ್ಲ. "ಅಮ್ಮ ಹೋದದ್ದು ಹೋದ್ರು ಶೆಟ್ರೆ. ಅವನಿಗೆ ಮಾತ್ರ ಶಿಕ್ಷೆ ಆಗ್ಬೇಕು. ನೀವು ಅವರ ಶಿಷ್ಯ ಅಂತ ನನಗೆ ಒಂದು ಧೈರ್ಯ." ಚಿತ್ತರಂಜನ ಗಂಧವನ್ನು ಹಣೆಗೆ ಇಟ್ಟುಕೊಂಡ. ಹೇಳಲು ಬಾಯಿ ತೆರೆದ. ಭಟ್ಟರು ಆಗಲೇ ಮೆಟ್ಟಿಲಿಳಿದು ಸ್ಕೂಟರಿನ ಕಡೆ ನಡೆದಿದ್ದರು.

ಗುರುವಾರ ಅವನ ಹೆಸರು ಕೂಗಿದಾಗ ಹನ್ನೆರಡೂವರೆ ಆಗಿತ್ತು. ಆರೋಪಿಯ ಕಟಕಟೆಯಲ್ಲಿ ನಿಂತವನನ್ನು ಮೊದಲು ಗುರುತಿಸಲೇ ಆಗಲಿಲ್ಲ. ಗಡ್ಡ ಬಂದಿತ್ತು, ಕೆನ್ನೆಯ ಎಲುಬು ಎದ್ದಿತ್ತು. ಹೋಟೆಲಿನ ಸಿಲಿಂಡರುಗಳ ಹಿಂದೆ ದಿನವೂ ಕಂಡಂತಾಗುವ ಮುಖವೇ ಹೆಚ್ಚು ಪರಿಚಯದ್ದಾಗಿತ್ತು. ಪ್ರಮಾಣ ಆಯಿತು. ಸರಕಾರಿ ವಕೀಲರು ಕಡತ ನೋಡುತ್ತಲೇ ಕೇಳಿದರು:

"ಆ ಬುಧವಾರ ಬೆಳಿಗ್ಗೆ ಆರೂವರೆಗೆ ಪೊಲೀಸರು ನಿಮ್ಮನ್ನು ಪಡೀಲಿಗೆ ಕರೆದುಕೊಂಡು ಹೋದರು. ಅಲ್ಲಿ ಏನು ನೋಡಿದಿರಿ?"

"ನಾನು ಹೋಗ್ಲಿಲ್ಲ."

ವಕೀಲರು ತಲೆ ಎತ್ತಿದರು. "ಈ ಸಹಿ?"

"ನನ್ನದೇ. ಹೋಟೆಲಿನಲ್ಲಿ ಹಾಕಿದ್ದು. ಮಧ್ಯಾಹ್ನ."

ಹಿಂದಿನ ಸಾಲಿನಲ್ಲಿ ನೊರ್ಬರ್ಟ್ ಕೆಮ್ಮಿದ. ನ್ಯಾಯಾಧೀಶೆ ಬರೆಸುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. "ನೀವು ಹೇಳ್ತಾ ಇರುವುದು ನಿಮ್ಮ ಮೇಲೆಯೇ ಬರಬಹುದು. ನಿಮಗೆ ತೊಂದರೆ ಆಗುವ ಮಾತನ್ನು ಹೇಳಲೇಬೇಕೆಂದು ನಿಮ್ಮನ್ನು ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಅದು ನಿಮ್ಮ ಹಕ್ಕು. ಗೊತ್ತುಂಟಾ?"

"ಗೊತ್ತಿರ್ಲಿಲ್ಲ ಮೇಡಂ" ಎಂದ ಚಿತ್ತರಂಜನ. "ಹೇಳ್ತೇನೆ" ಎಂದ.

ಸಾಕ್ಷಿ ಪ್ರತಿಕೂಲನಾಗಿದ್ದಾನೆ ಎಂದು ಸರಕಾರಿ ವಕೀಲರು ಹೇಳಿದರು. ಆರೋಪಿಯ ಕಡೆಯವರಿಂದ ಏನೋ ಪಡೆದು ಸುಳ್ಳು ನುಡಿಯುತ್ತಿದ್ದೀರಿ ಎಂದರು. "ಇಲ್ಲ" ಎಂದ ಅವನು. ಆಮೇಲೆ ಆರೋಪಿಯ ಪರವಾಗಿ ಉಚಿತ ಕಾನೂನು ನೆರವಿನ ಕಡೆಯಿಂದ ಬಂದ ಶ್ರಾವಣಿ ಎಂಬ ಚಿಕ್ಕ ವಯಸ್ಸಿನ ವಕೀಲೆ ಎದ್ದರು. ಇಂಥದ್ದನ್ನು ನಿರೀಕ್ಷಿಸಿರದ ಅವರು ಬರೆದು ತಂದ ಪ್ರಶ್ನೆಗಳ ಹಾಳೆಯನ್ನು ಮಗುಚಿ ಇಟ್ಟರು.

"ಆರೋಪಿಯನ್ನು ನೀವು ಮೊದಲು ಯಾವಾಗ ನೋಡಿದಿರಿ?"

"ಸೋಮವಾರ. ಠಾಣೆಯಲ್ಲಿ. ಮಂಗಳವಾರ, ಬುಧವಾರವೂ ನೋಡಿದ್ದೇನೆ."

"ಸೋಮವಾರವೇ ಎಂದು ಹೇಗೆ ಹೇಳ್ತೀರಿ?"

"ಅವ ನನ್ನ ಹತ್ರ ಕೇಳಿದ, ಯಾವ ವಾರ ಅಂತ. ಸೋಮವಾರ ಅಂತ ಹೇಳಿದ್ದು ನಾನೇ."

ಕಟಕಟೆಯಲ್ಲಿದ್ದವನು ಮೊದಲ ಸಲ ಅವನ ಕಡೆ ತಿರುಗಿದ. ಆ ನೋಟದಲ್ಲಿ ಪರಿಚಯವಿರಲಿಲ್ಲ. ಆ ಸೋಮವಾರ ಯಾರನ್ನು ಕೇಳಿದೆ ಎಂಬುದು ಅವನಿಗೆ ನೆನಪಿದ್ದಂತೆ ತೋರಲಿಲ್ಲ.

ಕೊನೆಯ ಸಾಲಿನಲ್ಲಿ ವಿಠಲ ಭಟ್ಟರು ಎದ್ದರು. ಶಾಲನ್ನು ಹೆಗಲಿಗೆ ಸರಿಪಡಿಸಿಕೊಂಡು, ಯಾರನ್ನೂ ನೋಡದೆ ಹೊರಗೆ ಹೋದರು. ಗುಮಾಸ್ತ ಹೇಳಿಕೆಯ ಹಾಳೆಗಳನ್ನು ಮುಂದೆ ಇಟ್ಟ. ಚಿತ್ತರಂಜನ ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದ.

ಹೊರಗೆ ಜಗಲಿಯ ಬೆಂಚಿನಲ್ಲಿ ಸಫ್ವಾನನ ತಾಯಿ ಹಲೀಮಾ ಕುಳಿತಿದ್ದಳು. ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಡಚಿದ ಒಂದು ಶರ್ಟು. ಅವನು ಹಾದುಹೋಗಬೇಕೆಂದಿದ್ದ, ಆದರೆ ಬೆಂಚಿನ ಎದುರು ನಿಂತ. ಅವಳು ಚೀಲವನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡಳು. ಅವನು ಕುಳಿತ.

"ಅವತ್ತು ನಾನು ನಿಮ್ಮತ್ರ ಕೇಳಿದ್ದೆ" ಎಂದಳು ಅವಳು, ಅಂಗಳವನ್ನು ನೋಡುತ್ತ.

"ಹೌದು."

"ನೀವು ನೀರು ಕೊಟ್ರಿ."

ಅವನು ತಲೆ ತಗ್ಗಿಸಿದ. ನೊರ್ಬರ್ಟ್ ಜಗಲಿಯ ಆ ಕೊನೆಯಲ್ಲಿ ಫೋನಿನಲ್ಲಿ ಮಾತಾಡುತ್ತ, ಮಾತಿನ ನಡುವೆ ಒಮ್ಮೆ ಇವನ ಕಡೆ ನೋಡಿ, ಬೆನ್ನು ತಿರುಗಿಸಿದ.

ಕೈದಿಗಳ ವ್ಯಾನು ಹಿಂದಿನಿಂದ ಹೊರಟು ಅಂಗಳಕ್ಕೆ ತಿರುಗಿತು. ಹಲೀಮಾ ಬೆಂಚಿನ ಮುಂದೆ ಬಿಟ್ಟಿದ್ದ ಚಪ್ಪಲಿಯನ್ನು ಹುಡುಕಲಿಲ್ಲ. ಚೀಲವನ್ನು ಹಿಡಿದುಕೊಂಡು ಬರಿಗಾಲಿನಲ್ಲೇ ಬಿಸಿಲಿಗೆ ಇಳಿದು ಓಡಿದಳು. ವ್ಯಾನು ಗೇಟಿನ ಹತ್ತಿರ ನಿಧಾನಿಸಿತು. ಅವಳು ಬಲೆಯ ಕಿಟಕಿಯ ಪಕ್ಕದಲ್ಲಿ ನಡೆಯುತ್ತ ಏನೋ ಹೇಳುತ್ತಿದ್ದಳು. ಗೇಟು ದಾಟಿದ ಮೇಲೂ ಅವಳ ಕಪ್ಪು ಬಟ್ಟೆ ಸ್ವಲ್ಪ ಹೊತ್ತು ಕಾಣಿಸಿತು.

ಊಟದ ಬಿಡುವಿನ ಜನ ಜಗಲಿಗೆ ನುಗ್ಗಿದರು. ಕರಿಕೋಟು ತೊಟ್ಟವರೊಬ್ಬರು ಅವಸರದಲ್ಲಿ ಹಾದುಹೋಗುವಾಗ ಅವಳ ಒಂದು ಚಪ್ಪಲಿ ಕಾಲಿಗೆ ತಾಗಿ ಕಂಬದವರೆಗೆ ಜಾರಿತು. ಚಿತ್ತರಂಜನ ಎದ್ದು ಹೋಗಿ ಬಗ್ಗಿ ಅದನ್ನು ಕೈಯಲ್ಲಿ ಎತ್ತಿ ತಂದ. ಹಿಮ್ಮಡಿಯ ಕಡೆ ಸವೆದು ತೆಳುವಾಗಿತ್ತು. ಇನ್ನೊಂದರ ಪಕ್ಕದಲ್ಲಿಟ್ಟು, ಎರಡನ್ನೂ ಬೆಂಚಿನ ಕೆಳಗೆ ಗೋಡೆಯತ್ತ ಸರಿಸಿ, ಅವಳು ಬರುವ ತನಕ ಅಲ್ಲೇ ಕುಳಿತ.